ಮಧ್ಯಯುಗದ ಯೂರೋಪಿನ ಬಟ್ಟೆಗಳು ಮತ್ತು ಚಳಿಯುಡುಪು

ಸುಮಾರು 500ರಿಂದ 1500ರವರೆಗಿನ ಸಾವಿರ ವರ್ಷಗಳಲ್ಲಿ ಯೂರೋಪಿನ ಜನ ತೊಟ್ಟ ಬಟ್ಟೆಗಳಲ್ಲಿ ಉಣ್ಣೆಯದು ಮೊದಲ ಸ್ಥಾನ. ಉಣ್ಣೆಯ ಒಳಗೆ, ಮೈಗೆ ತಾಗಿಕೊಂಡು, ಅಗಸೆನಾರಿನ ಲಿನನ್ ಇರುತ್ತಿತ್ತು. ಚಳಿಗಾಲಕ್ಕೆ ಇವೆರಡರ ಜೊತೆ ಪ್ರಾಣಿಗಳ ತುಪ್ಪಳದ ಅಸ್ತರು ಸೇರುತ್ತಿತ್ತು. ರೇಷ್ಮೆ ಅರಮನೆಗೂ ಇಗರ್ಜಿಗೂ ಸಂದದ್ದು. ಹತ್ತಿ 12ನೆಯ ಶತಮಾನದಿಂದೀಚೆಗೆ ಇಟಲಿಯ ಮೂಲಕ ನಿಧಾನವಾಗಿ ಹರಡಿತು. ಹಲವು ಪದರಗಳನ್ನು ಒಂದರ ಮೇಲೊಂದು ತೊಟ್ಟು, ನಡುನಡುವೆ ಗಾಳಿಯನ್ನು ಹಿಡಿದಿಟ್ಟು ಮೈಯ ಕಾವನ್ನು ಉಳಿಸಿಕೊಳ್ಳುವುದು ಆ ಕಾಲದ ಕ್ರಮ. ಕುರಿಗಾಹಿಯಿಂದ ದೊರೆಯವರೆಗೆ ಉಡುಪಿನ ಮೂಲ ಕಟ್ಟು ಒಂದೇ ಆಗಿತ್ತು. ಬಟ್ಟೆಯ ನವುರು, ಬಣ್ಣ, ತುಪ್ಪಳದ ಜಾತಿ, ಪದರಗಳ ಸಂಖ್ಯೆ ಇವುಗಳಲ್ಲಿ ಅಂತಸ್ತಿನ ಅಂತರ ಕಾಣುತ್ತಿತ್ತು.

ಹವೆ ಮತ್ತು ವಸತಿ

ಈ ಉಡುಪನ್ನು ಅರಿಯಲು ಮೊದಲು ಆ ಕಾಲದ ಮನೆಯನ್ನು ನೋಡಬೇಕು. ಹಳ್ಳಿಯ ಮನೆಯ ನಡುವೆ ಒಂದು ಒಲೆ, ಹೊಗೆ ಹೋಗಲು ಮಾಡಿನಲ್ಲೊಂದು ಕಿಂಡಿ. ಗೋಡೆಯೊಳಗೆ ಕಟ್ಟಿದ ಅಗ್ಗಿಷ್ಟಿಕೆ ಮತ್ತು ಹೊಗೆಗೂಡು 12ನೆಯ ಶತಮಾನದ ಹೊತ್ತಿಗೆ ಕೋಟೆಗಳಲ್ಲಿ ಕಾಣಿಸಿಕೊಂಡರೂ ಸಾಮಾನ್ಯರ ಮನೆ ತಲುಪಲು ಬಹುಕಾಲ ಹಿಡಿಯಿತು. ಕಿಟಕಿಗೆ ಗಾಜು ಹಾಕಿಸುವುದು ಇಗರ್ಜಿಗೂ ಸಿರಿವಂತರಿಗೂ ಮಾತ್ರ ಸಾಧ್ಯವಿತ್ತು; ಉಳಿದವರು ಮರದ ಕದ ಮುಚ್ಚಿ ಕತ್ತಲಲ್ಲಿ ಕೂರಬೇಕಿತ್ತು. ಹೀಗಾಗಿ ಬೆಚ್ಚನೆಯ ಉಡುಪು ಹೊರಗಿನ ತಿರುಗಾಟಕ್ಕೆ ಎಷ್ಟು ಬೇಕಿತ್ತೋ ಮನೆಯೊಳಗೂ ಅಷ್ಟೇ ಬೇಕಿತ್ತು. ಸುಮಾರು 1300ರ ನಂತರ ಉತ್ತರ ಯೂರೋಪಿನ ಹವೆ ಮತ್ತಷ್ಟು ತಂಪಾಯಿತು. 1315ರಿಂದ 1317ರವರೆಗೆ ಬಿಡದೆ ಸುರಿದ ಮಳೆಗೆ ಬೆಳೆ ಕೊಳೆತು ದೊಡ್ಡ ಕ್ಷಾಮ ಬಂತು. ತೋಳು, ಕೊರಳು, ಕಾಲುಗಳನ್ನು ಬಿಗಿಯಾಗಿ ಮುಚ್ಚುವ ಹೊಲಿಗೆ ಮತ್ತು ಧಾರಾಳವಾದ ತುಪ್ಪಳದ ಅಸ್ತರು ಈ 14ನೆಯ ಶತಮಾನದಲ್ಲೇ ಎದ್ದು ಕಾಣುತ್ತವೆ.

ಉಣ್ಣೆ

ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುತ್ತದೆ. ಆ ಸುರುಳಿಗಳ ನಡುವೆ ಸಿಕ್ಕ ಗಾಳಿ ಮೈಯ ಕಾವನ್ನು ಹೊರಗೆ ಬಿಡದು. ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವವನ್ನು ಹೀರಿಕೊಂಡರೂ ಅದು ಮುಟ್ಟಲು ಒದ್ದೆ ಎನಿಸುವುದಿಲ್ಲ. ಕುರಿಯ ಮೈಜಿಡ್ಡು ಸ್ವಲ್ಪ ಉಳಿದಿದ್ದರೆ ತುಂತುರು ಮಳೆ ಮೇಲೆಯೇ ಜಾರಿಹೋಗುತ್ತದೆ. ಮಳೆ, ಮಂಜು, ಕಡಲಗಾಳಿ ಮೂರೂ ಇರುವ ಉತ್ತರ ಯೂರೋಪಿಗೆ ಇದಕ್ಕಿಂತ ಹೆಚ್ಚು ಒದಗುವ ನಾರು ಬೇರೊಂದಿರಲಿಲ್ಲ.

ಅತ್ಯುತ್ತಮ ಉಣ್ಣೆ ಇಂಗ್ಲೆಂಡಿನದು ಎಂಬ ಹೆಸರಿತ್ತು. ಯಾರ್ಕ್‌ಷೈರಿನ ಫೌಂಟನ್ಸ್ ಮತ್ತು ರಿವೊ ಮಠಗಳ ಸಿಸ್ಟರ್ಷಿಯನ್ ಸನ್ಯಾಸಿಗಳು ಸಾವಿರಾರು ಕುರಿಗಳನ್ನು ಸಾಕಿ ಉಣ್ಣೆಯನ್ನು ಇಟಲಿಯ ವರ್ತಕರಿಗೆ ಮುಂಗಡವಾಗಿಯೇ ಮಾರುತ್ತಿದ್ದರು. ಆ ಉಣ್ಣೆಯನ್ನು 364 ಪೌಂಡ್ ತೂಗುವ ಚೀಲಗಳಲ್ಲಿ ಅಳೆಯುತ್ತಿದ್ದರು. 14ನೆಯ ಶತಮಾನದ ಮೊದಲ ವರ್ಷಗಳಲ್ಲಿ, ವ್ಯಾಪಾರ ಏರಿದ್ದಾಗ, ಒಂದೇ ವರ್ಷ 40,000ಕ್ಕೂ ಹೆಚ್ಚು ಚೀಲಗಳು ಹಡಗೇರಿದವು. ಉಣ್ಣೆಯ ಮೇಲಿನ ಸುಂಕ ಇಂಗ್ಲೆಂಡಿನ ದೊರೆಗಳ ಬೊಕ್ಕಸದ ಆಧಾರವಾಗಿತ್ತು. ಫ್ರಾನ್ಸಿನೊಂದಿಗಿನ ದೀರ್ಘ ಯುದ್ಧದ ಖರ್ಚಿನಲ್ಲಿ ದೊಡ್ಡ ಪಾಲು ಈ ಸುಂಕದಿಂದ ಬಂತು.

ಇಂಗ್ಲೆಂಡಿನ ಉಣ್ಣೆ ಬಟ್ಟೆಯಾಗುತ್ತಿದ್ದುದು ಮುಖ್ಯವಾಗಿ ಫ್ಲಾಂಡರ್ಸಿನ ಈಪ್ರ್, ಗೆಂಟ್, ಬ್ರೂಜ್ ನಗರಗಳಲ್ಲಿ ಮತ್ತು ಇಟಲಿಯ ಫ್ಲಾರೆನ್ಸಿನಲ್ಲಿ. 1338ರ ಸುಮಾರಿನ ಫ್ಲಾರೆನ್ಸನ್ನು ವರ್ಣಿಸಿದ ಇತಿಹಾಸಕಾರ ಜೊವಾನ್ನಿ ವಿಲ್ಲಾನಿ, ಅಲ್ಲಿ ಇನ್ನೂರಕ್ಕೂ ಹೆಚ್ಚು ಉಣ್ಣೆ ಕಾರ್ಯಾಗಾರಗಳು ವರ್ಷಕ್ಕೆ 70,000ದಿಂದ 80,000 ತಾನು ಬಟ್ಟೆ ಮಾಡುತ್ತಿದ್ದುವೆಂದೂ ಮೂವತ್ತು ಸಾವಿರ ಜನ ಆ ಕಸುಬಿನಿಂದ ಬದುಕುತ್ತಿದ್ದರೆಂದೂ ಬರೆದಿದ್ದಾನೆ. ಆ ದುಡಿಮೆಗಾರರಲ್ಲಿ ಬಹುಪಾಲು ಮಂದಿಗೆ ತಮ್ಮದೇ ಸಂಘ ಕಟ್ಟಿಕೊಳ್ಳುವ ಹಕ್ಕು ಇರಲಿಲ್ಲ. 1378ರಲ್ಲಿ ಅವರು ದಂಗೆ ಎದ್ದು ಸ್ವಲ್ಪ ಕಾಲ ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಇದನ್ನು ಚೋಂಪಿ ದಂಗೆ ಎನ್ನುತ್ತಾರೆ.

ನೂಲು, ಮಗ್ಗ, ತುಳಿತ

ಕತ್ತರಿಸಿದ ಉಣ್ಣೆಯನ್ನು ತೊಳೆದು, ಕಸ ಆಯ್ದು, ಬೆಣ್ಣೆ ಇಲ್ಲವೇ ಎಣ್ಣೆ ಸವರಿ, ಬಾಚುತ್ತಿದ್ದರು. ಉದ್ದ ಎಳೆಗಳನ್ನು ಕಬ್ಬಿಣದ ಹಲ್ಲಿನ ಬಾಚಣಿಗೆಯಲ್ಲಿ ಸಮನಾಗಿ ಎಳೆದು ನೂತರೆ ನುಣುಪಾದ, ಗಟ್ಟಿಯಾದ ನೂಲು. ಇದರಿಂದ ವರ್ಸ್ಟೆಡ್ ಬಟ್ಟೆ. ಗಿಡ್ಡ ಎಳೆಗಳನ್ನು ಎಲ್ಲ ದಿಕ್ಕಿಗೂ ಹರಡುವಂತೆ ಹಿಂಜಿ ನೂತರೆ ಉಬ್ಬಿದ ಮೆತ್ತನೆಯ ನೂಲು. ಚಳಿಗೆ ಒದಗುತ್ತಿದ್ದುದು ಈ ಎರಡನೆಯದು, ಏಕೆಂದರೆ ಅದರಲ್ಲಿ ಗಾಳಿ ಹೆಚ್ಚು ನಿಲ್ಲುತ್ತದೆ.

ನೂಲುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಕಂಕುಳಲ್ಲಿ ಉಣ್ಣೆ ಸುತ್ತಿದ ಕೋಲು, ಕೈಯಿಂದ ಇಳಿಬಿದ್ದ ಕದಿರು. ದನ ಕಾಯುವಾಗಲೂ ಮಾತಾಡುವಾಗಲೂ ದಾರಿ ನಡೆಯುವಾಗಲೂ ನೂಲುವಿಕೆ ನಡೆದೇ ಇರುತ್ತಿತ್ತು. ಒಬ್ಬ ನೇಕಾರನ ಮಗ್ಗಕ್ಕೆ ನೂಲು ಒದಗಿಸಲು ಹಲವರು ನೂಲಬೇಕಿತ್ತು. ಮಧ್ಯಯುಗದ ಬಟ್ಟೆಯ ಬೆಲೆ ಏಕೆ ಅಷ್ಟಿತ್ತು ಎಂಬುದಕ್ಕೆ ಉತ್ತರ ಈ ಕದಿರಿನಲ್ಲಿದೆ. ಇದನ್ನು ತಿರುಗಿಸಿದ ಕೈಗಳ ಹೆಸರುಗಳು ದಾಖಲೆಗಳಲ್ಲಿ ಅತಿ ವಿರಳ. 13ನೆಯ ಶತಮಾನದಲ್ಲಿ ರಾಟೆ ಯೂರೋಪಿಗೆ ಬಂದಾಗ ಕೆಲಸ ಬೇಗನಾಯಿತು, ಆದರೆ ಆ ನೂಲು ಅಷ್ಟು ಗಟ್ಟಿಯಲ್ಲವೆಂಬ ದೂರಿತ್ತು. ಜರ್ಮನಿಯ ಶ್ಪೈಯರ್ ನಗರದ ವರ್ತಕರ ಸಂಘ 1280ರ ಸುಮಾರಿನಲ್ಲಿ ರಾಟೆಯ ನೂಲನ್ನು ಅಡ್ಡ ಎಳೆಯಾದ ಹೊಕ್ಕಿಗೆ ಬಳಸಲು ಒಪ್ಪಿ, ಉದ್ದ ಎಳೆಯಾದ ಹಾಸಿನಲ್ಲಿ ಬಳಸುವುದನ್ನು ನಿಷೇಧಿಸಿತು.

ಮೊದಲ ಶತಮಾನಗಳ ಮಗ್ಗ ಗೋಡೆಗೆ ಒರಗಿಸಿ ನಿಲ್ಲಿಸುವಂಥದು; ಹಾಸಿನ ಎಳೆಗಳ ತುದಿಗೆ ಮಣ್ಣಿನ ಅಥವಾ ಕಲ್ಲಿನ ಗುಂಡುಗಳನ್ನು ಕಟ್ಟಿ ಬಿಗಿ ಹಿಡಿಸುತ್ತಿದ್ದರು. 11ನೆಯ ಶತಮಾನದಿಂದ ಕಾಲ್ತುಳಿಯ ಅಡ್ಡಮಗ್ಗ ಹರಡಿತು. ಅದರ ಬೆನ್ನಿಗೆ, ಇಬ್ಬರು ನೇಕಾರರು ಅಕ್ಕಪಕ್ಕ ಕೂತು ಲಾಳಿಯನ್ನು ಒಬ್ಬರಿಂದೊಬ್ಬರಿಗೆ ಎಸೆಯುವ ಅಗಲ ಮಗ್ಗ ಬಂತು. ಬಟ್ಟೆಯ ಅಗಲ ರಾಜ್ಯದ ವಿಷಯವಾದುದೂ ಆಗಲೇ. ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾ ದೊರೆಯ ಅಧಿಕಾರಕ್ಕೆ ಕಟ್ಟು ಹಾಕುವುದರ ಜೊತೆಗೆ, ಬಣ್ಣದ ಬಟ್ಟೆಯ ಅಗಲ ಅಂಚಿನಿಂದ ಅಂಚಿಗೆ ಎರಡು ಎಲ್ (ಆ ಕಾಲದ ಬಟ್ಟೆಯಳತೆ) ಇರಬೇಕೆಂದೂ ವಿಧಿಸಿತು.

ಮಗ್ಗದಿಂದ ಇಳಿದ ಬಟ್ಟೆ ಜಾಳುಜಾಳಾಗಿರುತ್ತಿತ್ತು. ಗಾಳಿ ತಡೆಯುವ ಗುಣ ಅದಕ್ಕೆ ಬರುತ್ತಿದ್ದುದು ಫುಲ್ಲಿಂಗ್ ಎಂಬ ತುಳಿತದಿಂದ. ಬೆಚ್ಚಗಿನ ನೀರು, ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣು, ಹಳೆಯ ಮೂತ್ರ ಇವನ್ನು ತೊಟ್ಟಿಗೆ ಹಾಕಿ ಬಟ್ಟೆಯನ್ನು ಕಾಲಿನಿಂದ ತುಳಿಯುತ್ತಿದ್ದರು. ಆಗ ಎಳೆಗಳ ಮೇಲಿನ ಸೂಕ್ಷ್ಮ ಹೊಪ್ಪಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಟ್ಟವಾಗುತ್ತದೆ, ನೇಯ್ಗೆಯ ಗೆರೆಗಳೇ ಕಾಣದಂತೆ ಮುಚ್ಚಿಕೊಳ್ಳುತ್ತದೆ. ಕರ್ನಾಟಕದ ಕುರುಬರ ಕಂಬಳಿಗೆ ಹುಣಸೆಬೀಜದ ಸರಿ ಬಿಗುಪು ಕೊಡುವಂತೆ ಯೂರೋಪಿನ ದಟ್ಟ ಉಣ್ಣೆಬಟ್ಟೆಗೆ ಬಿಗುಪು ಕೊಟ್ಟದ್ದು ಈ ತುಳಿತ. 11ನೆಯ ಶತಮಾನದಿಂದ ಹೊಳೆನೀರಿನ ಚಕ್ರ ತಿರುಗಿಸುವ ಮರದ ಕೊಡತಿಗಳು ಕಾಲಿನ ಕೆಲಸವನ್ನು ಮಾಡತೊಡಗಿದವು. 1185ರಲ್ಲಿ ಟೆಂಪ್ಲರ್ ಯೋಧ ಸನ್ಯಾಸಿಗಳ ಆಸ್ತಿಯನ್ನು ದಾಖಲಿಸಿದಾಗ ಇಂಗ್ಲೆಂಡಿನಲ್ಲಿ ಇಂಥ ಗಿರಣಿಗಳು ಆಗಲೇ ನಡೆಯುತ್ತಿದ್ದವು.

ತುಳಿದ ಬಟ್ಟೆಯನ್ನು ಬಯಲಿನ ಚೌಕಟ್ಟುಗಳಲ್ಲಿ ಕೊಕ್ಕೆಗಳಿಗೆ ಸಿಕ್ಕಿಸಿ ಎಳೆದು ಒಣಗಿಸುತ್ತಿದ್ದರು. ಟೀಸಲ್ ಎಂಬ ಮುಳ್ಳುಗಿಡದ ಒಣಗಿದ ತೆನೆಗಳಿಂದ ಉಜ್ಜಿ ಮೇಲ್ಮೈಯ ನವಿರೆಬ್ಬಿಸಿ, ದೊಡ್ಡ ಕತ್ತರಿಯಿಂದ ಆ ನವಿರನ್ನು ಸಮನಾಗಿ ಕತ್ತರಿಸುತ್ತಿದ್ದರು. ಎಬ್ಬಿಸುವುದು, ಕತ್ತರಿಸುವುದು, ಮತ್ತೆ ಎಬ್ಬಿಸುವುದು ಹೀಗೆ ಹಲವು ಸಲ ನಡೆದ ಮೇಲೆ ಬಟ್ಟೆ ರೇಷ್ಮೆಯಷ್ಟು ನುಣುಪಾಗುತ್ತಿತ್ತು. ಇಂಥ ಬಟ್ಟೆಯ ಅಂಚು ಬಿಚ್ಚಿಕೊಳ್ಳದು, ಹೀಗಾಗಿ ಕತ್ತರಿಸಿದ ತುದಿಯನ್ನು ಮಡಿಸದೆಯೂ ಬಿಡಬಹುದಿತ್ತು.

ಲಿನನ್ ಮತ್ತು ಇತರ ನಾರುಗಳು

ಉಣ್ಣೆ ಮೈಗೆ ಚುಚ್ಚುತ್ತದೆ, ಒಗೆದರೆ ಕುಗ್ಗುತ್ತದೆ. ಆದ್ದರಿಂದ ಒಳಗಿನ ಪದರ ಲಿನನ್ನಿನದು. ಅಗಸೆಗಿಡವನ್ನು ಬೇರುಸಮೇತ ಕಿತ್ತು, ನೀರಿನಲ್ಲೋ ಇಬ್ಬನಿಯಲ್ಲೋ ಕೊಳೆಹಾಕಿ, ಒಣಗಿಸಿ, ಬಡಿದು, ಬಾಚಿದರೆ ಉದ್ದವಾದ ಹೊಂಬಣ್ಣದ ನಾರು ಸಿಗುತ್ತದೆ. ನೇಯ್ದ ಬಟ್ಟೆಯನ್ನು ಬೂದಿನೀರಿನಲ್ಲಿ ಕುದಿಸಿ ಹುಲ್ಲುಗಾವಲಿನಲ್ಲಿ ವಾರಗಟ್ಟಲೆ ಬಿಸಿಲಿಗೆ ಹಾಸಿದರೆ ಬೆಳ್ಳಗಾಗುತ್ತದೆ. ಲಿನನ್ ಬೆವರನ್ನು ಹೀರಿ ಬೇಗ ಆರಿಸುತ್ತದೆ. ಒಗೆದಷ್ಟೂ ಮೆತ್ತಗಾಗುತ್ತದೆ. ಮೇಲಿನ ಉಣ್ಣೆಯನ್ನು ಅಪರೂಪಕ್ಕೊಮ್ಮೆ ಝಾಡಿಸಿ ತಿಕ್ಕಿದರೆ ಸಾಕಾಗುತ್ತಿದ್ದುದು ಒಳಗಿನ ಲಿನನ್ ಕೊಳೆಯನ್ನೆಲ್ಲ ತಾನು ಹೊರುತ್ತಿದ್ದುದರಿಂದ. ಫ್ರಾನ್ಸಿನ ರ‍್ಯಾಂಸ್ ಮತ್ತು ಜರ್ಮನಿಯ ಕಾನ್‌ಸ್ಟೆನ್ಸ್ ಲಿನನ್ನಿಗೆ ಹೆಸರಾದ ನಗರಗಳು. ಬಡವರ ಒಳಉಡುಪಿಗೆ ಒರಟಾದ ಸೆಣಬಿನ ಬಟ್ಟೆಯೂ ಸಲ್ಲುತ್ತಿತ್ತು.

ಹತ್ತಿ ಯೂರೋಪಿಗೆ ಅರಬ್ ವರ್ತಕರ ಮೂಲಕ ಬಂತು. ಲಿನನ್ ಹಾಸು, ಹತ್ತಿಯ ಹೊಕ್ಕು ಇರುವ ಫಸ್ಟಿಯನ್ ಬಟ್ಟೆಯನ್ನು 12ನೆಯ ಶತಮಾನದಿಂದ ಮಿಲಾನ್ ಮತ್ತು ಕ್ರೆಮೋನಾ ನಗರಗಳಲ್ಲೂ, 14ನೆಯ ಶತಮಾನದಿಂದ ದಕ್ಷಿಣ ಜರ್ಮನಿಯ ಉಲ್ಮ್ ಮತ್ತು ಆಗ್ಸ್‌ಬರ್ಗ್‌ಗಳಲ್ಲೂ ನೇಯುತ್ತಿದ್ದರು. ಎರಡು ಪದರ ಬಟ್ಟೆಯ ನಡುವೆ ಹತ್ತಿ, ಉಣ್ಣೆ ಅಥವಾ ಚಿಂದಿ ತುಂಬಿ ಸಾಲುಸಾಲಾಗಿ ಹೊಲಿದ ಗ್ಯಾಂಬಸನ್ ಎಂಬ ಮೆತ್ತೆಯಂಗಿ ಯುದ್ಧದಲ್ಲಿ ಏಟನ್ನೂ ಬಯಲಿನಲ್ಲಿ ಚಳಿಯನ್ನೂ ತಡೆಯಿತು. ಇಂಗ್ಲೆಂಡಿನ ಎರಡನೆಯ ಹೆನ್ರಿ 1181ರಲ್ಲಿ ಹೊರಡಿಸಿದ ಆಯುಧಶಾಸನದಂತೆ ಸಾಮಾನ್ಯ ಸ್ವತಂತ್ರ ಪ್ರಜೆಯೂ ಗ್ಯಾಂಬಸನ್, ಕಬ್ಬಿಣದ ಟೋಪಿ, ಈಟಿ ಇವನ್ನು ಇಟ್ಟುಕೊಂಡಿರಬೇಕಿತ್ತು.

ರೇಷ್ಮೆಹುಳು ಸಾಕುವ ವಿದ್ಯೆ 6ನೆಯ ಶತಮಾನದಲ್ಲಿ ಜಸ್ಟೀನಿಯನ್ ಚಕ್ರವರ್ತಿಯ ಕಾಲಕ್ಕೆ ಬೈಜಾಂಟಿಯಮ್ ತಲುಪಿತು. ಸಿಸಿಲಿಯ ದೊರೆ ಎರಡನೆಯ ರೋಜರ್ 1147ರಲ್ಲಿ ಗ್ರೀಸಿನಿಂದ ರೇಷ್ಮೆ ನೇಕಾರರನ್ನು ಸೆರೆಹಿಡಿದು ಪಲೆರ್ಮೊಗೆ ತಂದ. ಅದಕ್ಕೂ ಮುಂಚೆ, 1133-34ರಲ್ಲಿ, ಅಲ್ಲಿಯೇ ಅವನಿಗಾಗಿ ಮಾಡಿದ ಕೆಂಪು ರೇಷ್ಮೆಯ ನಿಲುವಂಗಿಯ ಅಂಚಿನಲ್ಲಿ ಅರಬ್ಬೀ ಲಿಪಿಯ ಕಸೂತಿ ಬರಹವಿದೆ. ಅದು ಇಂದು ವಿಯೆನ್ನಾದಲ್ಲಿದೆ. ಮುಂದೆ ಲುಕ್ಕಾ ಮತ್ತು ವೆನಿಸ್ ರೇಷ್ಮೆಯ ಕೇಂದ್ರಗಳಾದವು. 14ನೆಯ ಶತಮಾನದಿಂದ ವೆಲ್ವೆಟ್ ಸಿರಿವಂತರ ಮೇಲುಡುಪಾಯಿತು.

ಬಣ್ಣಗಳು

ನೀಲಿಗೆ ವೋಡ್ ಗಿಡದ ಎಲೆ, ಕೆಂಪಿಗೆ ಮ್ಯಾಡರ್ ಬೇರು, ಹಳದಿಗೆ ವೆಲ್ಡ್ ಗಿಡ ಇವು ಮೂರು ಮೂಲ ಬಣ್ಣಗಳು. ಒಂದರ ಮೇಲೊಂದು ಅದ್ದಿ ಹಸಿರು, ಕಂದು, ನೇರಳೆ ಪಡೆಯುತ್ತಿದ್ದರು. ಬಣ್ಣ ನಿಲ್ಲಲು ಪಟಿಕ ಬೇಕು. ಅದು ಬಹುಕಾಲ ಪೂರ್ವದ ದೇಶಗಳಿಂದ ಬರುತ್ತಿತ್ತು. 1461ರಲ್ಲಿ ರೋಮಿನ ಬಳಿ ಟೋಲ್ಫಾದಲ್ಲಿ ಪಟಿಕದ ಗಣಿ ಸಿಕ್ಕಾಗ ಪೋಪರಿಗೆ ದೊಡ್ಡ ಆದಾಯ ತೆರೆದುಕೊಂಡಿತು. ಎಲ್ಲಕ್ಕಿಂತ ದುಬಾರಿಯಾದ ಸ್ಕಾರ್ಲೆಟ್ ಬಟ್ಟೆಗೆ ಮೆಡಿಟರೇನಿಯನ್ ಸೀಮೆಯ ಓಕ್ ಪೊದೆಗಳ ಮೇಲಿನ ಕೆರ್ಮಿಸ್ ಕೀಟಗಳನ್ನು ಆಯ್ದು ಒಣಗಿಸಿದ ಕೆಂಪು ಬೇಕಿತ್ತು.

ಈ ಬಣ್ಣದ ಪೇಟೆಗೆ ದಕ್ಷಿಣ ಭಾರತದ ನಂಟೂ ಇದೆ. ಕೆಂಪು ಕೊಡುವ ಪತಂಗದ ಮರ ಮಲಬಾರಿನ ಕೊಲ್ಲಂ ಬಂದರಿನ ಹೆಸರಿನಲ್ಲಿಯೇ ಇಟಲಿಯ ವರ್ತಕರ ಪಟ್ಟಿಗಳಲ್ಲಿ ಸೇರಿತ್ತು. ವೋಡ್ ಎಲೆಯಲ್ಲಿರುವ ಬಣ್ಣ ಭಾರತದ ನೀಲಿಗಿಡದ ಬಣ್ಣವೇ, ಆದರೆ ನೀಲಿಗಿಡದಲ್ಲಿ ಅದು ಬಹಳ ಹೆಚ್ಚು. 1498ರಲ್ಲಿ ಕಲ್ಲಿಕೋಟೆಗೆ ಕಡಲದಾರಿ ತೆರೆದ ಮೇಲೆ ಭಾರತದ ನೀಲಿ ಹಡಗುಗಟ್ಟಲೆ ಬಂದು ಟುಲೂಸ್ ಮತ್ತು ಎರ್‌ಫರ್ಟಿನ ವೋಡ್ ಬೆಳೆಗಾರರನ್ನು ಮುಂದಿನ ಎರಡು ಶತಮಾನಗಳಲ್ಲಿ ಮೂಲೆಗೊತ್ತಿತು.

ತುಪ್ಪಳ

ತುಪ್ಪಳವನ್ನು ಮಧ್ಯಯುಗದವರು ಹೆಚ್ಚಾಗಿ ಒಳಮುಖವಾಗಿ ತೊಟ್ಟರು. ಉಣ್ಣೆಯ ಮೇಲುಬಟ್ಟೆ ಗಾಳಿ ತಡೆದರೆ, ಒಳಗೆ ಮೈಯತ್ತ ತಿರುಗಿದ ಕೂದಲು ಕಾವನ್ನು ಹಿಡಿದಿಡುತ್ತಿತ್ತು. ಕೊರಳು, ತೋಳಿನ ತುದಿ, ಕೆಳಅಂಚುಗಳಲ್ಲಿ ಮಾತ್ರ ಅದು ಹೊರಗೆ ಕಾಣುತ್ತಿತ್ತು. ನೋಡುವವರಿಗೆ ತೊಟ್ಟವನ ಅಂತಸ್ತು ತಿಳಿಯಲು ಅಷ್ಟೇ ಸಾಕಾಗುತ್ತಿತ್ತು.

ಹಳ್ಳಿಗರಿಗೆ ಕುರಿ, ಆಡು, ಮೊಲ, ಬೆಕ್ಕು, ನರಿಗಳ ಚರ್ಮ. ನಡುವಿನವರಿಗೆ ಎಳೆ ಕುರಿಮರಿಯ ಸುರುಳಿ ತುಪ್ಪಳ. ಶ್ರೀಮಂತರಿಗೆ ಅಳಿಲು, ಮಾರ್ಟನ್, ಸೇಬಲ್ ಮತ್ತು ಎರ್ಮಿನ್. ಇವುಗಳಲ್ಲಿ 12ರಿಂದ 14ನೆಯ ಶತಮಾನದವರೆಗೆ ಅಳಿಲಿನದೇ ರಾಜ್ಯ. ಉತ್ತರದ ಕಾಡುಗಳ ಅಳಿಲಿಗೆ ಚಳಿಗಾಲದಲ್ಲಿ ಬೆನ್ನು ಬೂದಿಬಣ್ಣ, ಹೊಟ್ಟೆ ಅಚ್ಚ ಬಿಳುಪು. ಬೆನ್ನು ಹೊಟ್ಟೆಗಳನ್ನು ಸರತಿಯಂತೆ ಜೋಡಿಸಿದರೆ ವೇರ್ ಎಂಬ ತುಪ್ಪಳ. ಹೊಟ್ಟೆಯ ಭಾಗವನ್ನೇ ಆಯ್ದರೆ ಅದಕ್ಕಿಂತ ಹೆಚ್ಚು ಬೆಲೆಯ ಮಿನಿವರ್. ಈ ಬೂದಿ ಬಿಳಿ ಸರತಿ ವಂಶಲಾಂಛನಗಳ ಮೇಲೂ ಚಿತ್ರವಾಗಿ ಉಳಿದಿದೆ. ರಷ್ಯದ ನೊವ್‌ಗೊರೊಡ್ ಈ ವ್ಯಾಪಾರದ ಹೆಬ್ಬಾಗಿಲು. ಅಲ್ಲಿ ಮಳಿಗೆ ಹೂಡಿದ್ದ ಜರ್ಮನ್ ಹಾನ್ಸಾ ವರ್ತಕರು ತುಪ್ಪಳವನ್ನು ಪೀಪಾಯಿಗಳಲ್ಲಿ ತುಂಬಿ ಬಾಲ್ಟಿಕ್ ಕಡಲಿನ ಮೂಲಕ ಬ್ರೂಜ್ ಮತ್ತು ಲಂಡನ್ನಿಗೆ ಸಾಗಿಸುತ್ತಿದ್ದರು. ಇಂಗ್ಲೆಂಡಿನ ನಾಲ್ಕನೆಯ ಹೆನ್ರಿಗೆ ಒಂಬತ್ತು ಭಾಗಗಳಿದ್ದ ಒಂದು ಉಡುಪಿಗಾಗಿ 12,000 ಅಳಿಲುಗಳ ಮತ್ತು 80 ಎರ್ಮಿನ್‌ಗಳ ಚರ್ಮ ಹಿಡಿಯಿತು. ಆ ಕಾಲದ ವೈಭವಕ್ಕೆ ಕಾಡುಗಳು ತೆತ್ತ ಬೆಲೆಯನ್ನು ಈ ಒಂದು ಲೆಕ್ಕ ತಿಳಿಸುತ್ತದೆ.

ಪದರಗಳ ಕ್ರಮ

ಒಳಗಿನಿಂದ ಹೊರಕ್ಕೆ ನೋಡಿದರೆ ಮೊದಲ ಪದರ ಲಿನನ್ ಅಂಗಿ. ಗಂಡಸರದು ತೊಡೆಯವರೆಗೆ, ಹೆಂಗಸರದು ಕಣಕಾಲಿನವರೆಗೆ. ಗಂಡಸರು ಸೊಂಟಕ್ಕೆ ಬ್ರೇ ಎಂಬ ಸಡಿಲ ಚಲ್ಲಣ ಕಟ್ಟಿ, ಅದಕ್ಕೆ ಕಾಲುಚೀಲಗಳನ್ನು ಲಾಡಿಯಿಂದ ಬಿಗಿಯುತ್ತಿದ್ದರು. ಈ ಕಾಲುಚೀಲಗಳು ಉಣ್ಣೆಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹೊಲಿದಂಥವು. ಓರೆ ಕತ್ತರಿಕೆಯಿಂದ ಬಟ್ಟೆ ಸ್ವಲ್ಪ ಹಿಗ್ಗಿ ಕಾಲಿಗೆ ಅಂಟಿಕೊಳ್ಳುತ್ತಿತ್ತು.

ಎರಡನೆಯ ಪದರ ಉಣ್ಣೆಯ ಕೋಟ್, ಅಂದರೆ ತಲೆಯ ಮೇಲಿಂದ ತೊಡುವ ತೋಳುಳ್ಳ ನಿಲುವಂಗಿ. ಬಟ್ಟೆ ಪೋಲಾಗದಂತೆ ಚೌಕ, ಆಯತ, ತ್ರಿಕೋನ ತುಂಡುಗಳಲ್ಲೇ ಇದನ್ನು ಕತ್ತರಿಸುತ್ತಿದ್ದರು. ಕೆಳಗೆ ನಡೆಯಲು ಅಗಲ ಬೇಕಾದಲ್ಲಿ ತ್ರಿಕೋನದ ಸೇರುಬಟ್ಟೆ, ತೋಳೆತ್ತಲು ಕಂಕುಳಲ್ಲಿ ಚೌಕದ ತುಂಡು. ಮೂರನೆಯದು ಸರ್ಕೋಟ್, ಇದಕ್ಕೆ ಚಳಿಗಾಲದಲ್ಲಿ ತುಪ್ಪಳದ ಅಸ್ತರು. ಎಲ್ಲದರ ಮೇಲೆ ಅರ್ಧವೃತ್ತದ ಅಥವಾ ಪೂರ್ಣವೃತ್ತದ ಹೊದಿಕೆ. ರಾತ್ರಿ ಹಾಸಿಗೆಯಲ್ಲಿ ಅದೇ ಕಂಬಳಿ.

6ನೆಯ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮಾವಳಿಯ 55ನೆಯ ಅಧ್ಯಾಯ ಈ ಕ್ರಮವನ್ನು ಸರಳವಾಗಿ ಹೇಳುತ್ತದೆ. ಉಡುಪು ಆಯಾ ಸ್ಥಳದ ಹವೆಗೆ ಹೊಂದಬೇಕು, ಚಳಿಗಾಲದ ಮೇಲಂಗಿ ದಪ್ಪಗಿರಬೇಕು, ಬೇಸಿಗೆಯದು ತೆಳುವಾಗಿರಬೇಕು, ಒಗೆತಕ್ಕೂ ರಾತ್ರಿಗೂ ಅನುಕೂಲವಾಗಲು ಎರಡೆರಡು ಜೊತೆ ಇರಬೇಕು.

ತಲೆಗೆ ಭುಜ ಮುಚ್ಚುವ ಕೊಪ್ಪೆ. 14ನೆಯ ಶತಮಾನದಲ್ಲಿ ಅದರ ಹಿಂದುದಿ ಬಾಲದಂತೆ ಉದ್ದವಾಗಿ ಬೆಳೆದು ಕೊರಳಿಗೆ ಸುತ್ತಿಕೊಳ್ಳುವಷ್ಟಾಯಿತು. ಕೈಗೆ ಉಣ್ಣೆಯ ಅಥವಾ ಕುರಿಚರ್ಮದ ಗವಸು. ಕಾಲಿಗೆ ತಿರುಗುಮುರುಗಾಗಿ ಹೊಲಿದು ಮಗುಚಿದ ತೆಳ್ಳನೆಯ ಚರ್ಮದ ಮೆಟ್ಟು. ಕೆಸರಿಗೆ ಅದರಡಿ ಮರದ ಹಾವುಗೆ. ಒಂಟಿ ಸೂಜಿಯಿಂದ ಕುಣಿಕೆ ಹಾಕಿ ಹೆಣೆದ ಕಾಲುಚೀಲವೊಂದು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸಿಕ್ಕಿದೆ. ಅದು 10ನೆಯ ಶತಮಾನದ್ದು. ಎರಡು ಕಡ್ಡಿಗಳ ಹೆಣಿಗೆ 13ನೆಯ ಶತಮಾನದ ಸ್ಪೇನಿನಲ್ಲಿ ನಯವಾಗಿ ಬೆಳೆದಿತ್ತು. 1400ರ ಸುಮಾರಿಗೆ ಜರ್ಮನಿಯ ಮಾಸ್ಟರ್ ಬರ್ಟ್ರಾಮ್ ಬಿಡಿಸಿದ ವೇದಿಕೆಚಿತ್ರದಲ್ಲಿ ಮೇರಿ ಮಾತೆ ನಾಲ್ಕು ಕಡ್ಡಿಗಳಲ್ಲಿ ಮಗುವಿನ ಅಂಗಿ ಹೆಣೆಯುತ್ತಿದ್ದಾಳೆ.

14ನೆಯ ಶತಮಾನದ ನಡುಭಾಗದಲ್ಲಿ ಹೊಲಿಗೆ ಬದಲಾಯಿತು. ತೋಳನ್ನು ದುಂಡನೆಯ ತೋಳ್ಗಂಡಿಗೆ ಕೂಡಿಸುವ ಕ್ರಮ, ಸಾಲು ಗುಂಡಿಗಳು, ಮೈಗೆ ಬಿಗಿಯುವ ಕತ್ತರಿಕೆ ಬಂದವು. 1364ರಲ್ಲಿ ಯುದ್ಧದಲ್ಲಿ ಸತ್ತ ಬ್ರಿಟನಿಯ ಶಾರ್ಲ್ ದ ಬ್ಲ್ವಾನದೆನ್ನುವ, ಒಳಗೆ ಹತ್ತಿ ತುಂಬಿದ ಗುಂಡಿಗಳ ಅಂಗಿ ಲಿಯಾನ್ ನಗರದ ವಸ್ತ್ರ ಸಂಗ್ರಹಾಲಯದಲ್ಲಿದೆ. ಬಿಗಿಯಾದ ಬಟ್ಟೆಯಲ್ಲಿ ಗಾಳಿ ನುಗ್ಗಲು ಸಂದು ಕಡಿಮೆ. ಈ ಹೊಸ ಮಾದರಿ ಅಂದದ ಜೊತೆ ಕಾವನ್ನೂ ಕೊಟ್ಟಿತು.

ಉತ್ತರದ ನಾಡುಗಳು

ಐಸ್‌ಲೆಂಡಿನ ಕುರಿಗೆ ಎರಡು ಬಗೆಯ ಉಣ್ಣೆ: ಹೊರಗೆ ಉದ್ದನೆಯ ಗಟ್ಟಿ ಕೂದಲು, ಒಳಗೆ ಮೆತ್ತನೆಯ ನವಿರು. ಹೊರಗೂದಲಿನಿಂದ ಹಾಸು, ಒಳನವಿರಿನಿಂದ ಹೊಕ್ಕು ನೂತು ಮಾಡಿದ ವಾಡ್‌ಮಾಲ್ ಬಟ್ಟೆ ಆ ದ್ವೀಪದಲ್ಲಿ ಹಣವಾಗಿಯೇ ಚಲಾವಣೆಯಾಗುತ್ತಿತ್ತು. ಕಾನೂನು ಅದರ ಅಳತೆಯನ್ನು ನಿಗದಿಮಾಡಿತ್ತು. ನೇಯುವಾಗಲೇ ಉಣ್ಣೆಯ ಎಸಳುಗಳನ್ನು ಸೇರಿಸಿ ಜೂಲುಜೂಲಾಗಿ ಇಳಿಬಿಟ್ಟ ಹೊದಿಕೆಗಳೂ ಅಲ್ಲಿಂದ ರಫ್ತಾಗುತ್ತಿದ್ದವು. ಕೊಳ್ಳುವವರಿಲ್ಲದೆ ಕೂತಿದ್ದ ಐಸ್‌ಲೆಂಡಿನ ವರ್ತಕರಿಂದ ನಾರ್ವೆಯ ದೊರೆ ಹರಾಲ್ಡ್ ಒಂದು ಹೊದಿಕೆ ಪಡೆದು ಹೊದ್ದನೆಂದೂ, ಅದನ್ನು ಕಂಡು ಜನ ಉಳಿದವನ್ನೆಲ್ಲ ಕೊಂಡರೆಂದೂ, ದೊರೆಗೆ ಬೂದುಹೊದಿಕೆಯ ಹರಾಲ್ಡ್ ಎಂಬ ಹೆಸರು ಬಂತೆಂದೂ ಸ್ನೋರಿ ಸ್ಟರ್ಲುಸನ್ ತನ್ನ ರಾಜಚರಿತ್ರೆಯಲ್ಲಿ ಹೇಳುತ್ತಾನೆ.

ಅಂತಸ್ತು, ಕಾನೂನು, ಮರುಬಳಕೆ

ಬಟ್ಟೆಯಿಂದ ಅಂತಸ್ತು ತಿಳಿಯುವ ಸಮಾಜದಲ್ಲಿ ಹೊಸ ಹಣವಂತರು ಮೇಲಿನವರ ಹಾಗೆ ಉಡತೊಡಗಿದಾಗ ಆಳುವವರು ಕಾನೂನು ತಂದರು. ಇಂಗ್ಲೆಂಡಿನ 1337ರ ಕಾಯಿದೆ ತುಪ್ಪಳವನ್ನು ಮೇಲ್ವರ್ಗಕ್ಕೆ ಮೀಸಲಿಟ್ಟಿತು. 1363ರ ಕಾಯಿದೆ ಇನ್ನೂ ವಿವರವಾಗಿ ಯಾರು ಎಷ್ಟು ಬೆಲೆಯ ಬಟ್ಟೆ ತೊಡಬಹುದೆಂದು ಹೇಳಿ, ಉಳುವವರಿಗೂ ದನಗಾಹಿಗಳಿಗೂ 12 ಪೆನ್ನಿ ಮೀರದ, ಬಣ್ಣವಿಲ್ಲದ ಒರಟು ಉಣ್ಣೆಯನ್ನು ವಿಧಿಸಿತು. ಜಾರಿಗೆ ತರಲಾಗದೆ ಎರಡು ವರ್ಷದೊಳಗೆ ಅದು ರದ್ದಾಯಿತು. ಕರಿಮಾರಿ ಪ್ಲೇಗಿನ ನಂತರ ಕೂಲಿ ಏರಿ ಬಡವರೂ ಒಳ್ಳೆಯ ಬಟ್ಟೆ ಕೊಳ್ಳತೊಡಗಿದ್ದರೆಂಬುದಕ್ಕೆ ಈ ಕಾಯಿದೆಯೇ ಸಾಕ್ಷಿ.

ಬಟ್ಟೆ ಆಸ್ತಿಯಾಗಿತ್ತು. ಉಯಿಲುಗಳಲ್ಲಿ ನಿಲುವಂಗಿಗಳನ್ನೂ ತುಪ್ಪಳದ ಅಸ್ತರುಗಳನ್ನೂ ಹೆಸರಿಸಿ ಮಕ್ಕಳಿಗೆ, ಸೇವಕರಿಗೆ ಬಿಟ್ಟಿದ್ದಾರೆ. ದೊರೆಗಳು ಆಳುಗಳಿಗೆ ಸಂಬಳದ ಭಾಗವಾಗಿ ಬಟ್ಟೆ ಕೊಡುತ್ತಿದ್ದರು. ಹಳೆಬಟ್ಟೆಯ ವ್ಯಾಪಾರಿಗಳು ಪ್ರತಿ ದೊಡ್ಡ ನಗರದಲ್ಲೂ ಇದ್ದರು. ಸವೆದ ಭಾಗವನ್ನು ತೆಗೆದು ಒಳಮೈ ಹೊರಗೆ ಮಾಡಿ ಹೊಲಿಯುವುದು, ದೊಡ್ಡವರದನ್ನು ಮಕ್ಕಳಿಗೆ ಕಿರಿದು ಮಾಡುವುದು, ಕೊನೆಗೆ ತೇಪೆಗೂ ಮೆತ್ತೆಗೂ ಹಾಕುವುದು ನಡೆದೇ ಇತ್ತು. ಲಿನನ್ನಿನ ಚಿಂದಿ ಕಾಗದವಾಗುತ್ತಿತ್ತು.

ಉಳಿದ ಉಡುಪುಗಳು

ಬಹುಕಾಲ ಈ ವಿಷಯದ ಆಧಾರವೆಂದರೆ ಚಿತ್ರಗಳು, ಶಿಲ್ಪಗಳು ಮತ್ತು ಲೆಕ್ಕಪತ್ರಗಳು. ಅವು ಹೆಚ್ಚಾಗಿ ಸಿರಿವಂತರ ಕಥೆ. 20ನೆಯ ಶತಮಾನದ ಉತ್ಖನನಗಳು ಸಾಮಾನ್ಯರ ಉಡುಪನ್ನು ಬೆಳಕಿಗೆ ತಂದವು. 1921ರಲ್ಲಿ ಪುರಾತತ್ತ್ವಜ್ಞ ಪೌಲ್ ನೋರ್‌ಲುಂಡ್ ಗ್ರೀನ್‌ಲೆಂಡಿನಲ್ಲಿ ನೆಲೆಸಿದ್ದ ಯೂರೋಪಿನವರ ಹೆರ್‌ಯೋಲ್ಫ್ಸ್‌ನೆಸ್ ಸ್ಮಶಾನದ ಹೆಪ್ಪುಗಟ್ಟಿದ ನೆಲದಲ್ಲಿ ಮೂವತ್ತರಷ್ಟು ನಿಲುವಂಗಿಗಳನ್ನೂ 17 ಕೊಪ್ಪೆಗಳನ್ನೂ ಕಂಡ. ಅವು ತೊಟ್ಟು ಸವೆದು, ಕೊನೆಗೆ ಹೆಣಕ್ಕೆ ಸುತ್ತಿದ ಬಟ್ಟೆಗಳು. 1936ರಲ್ಲಿ ಸ್ವೀಡನ್ನಿನ ವಾರ್ಬೆರಿ ಸಮೀಪದ ಜೌಗಿನಲ್ಲಿ ಸಿಕ್ಕ, 14ನೆಯ ಶತಮಾನದ ಬೊಕ್‌ಸ್ಟೆನ್ ಮನುಷ್ಯನ ಮೈಮೇಲೆ ನಿಲುವಂಗಿ, ಹೊದಿಕೆ, ಉದ್ದ ಬಾಲದ ಕೊಪ್ಪೆ, ಕಾಲುಚೀಲ ಎಲ್ಲವೂ ಇದ್ದವು. ಹುಳಿಯುಳ್ಳ ಜೌಗುಮಣ್ಣು ಉಣ್ಣೆಯನ್ನು ಕಾಪಾಡಿ ನಾರುಬಟ್ಟೆಯನ್ನು ಕರಗಿಸುತ್ತದೆ. ಹೀಗಾಗಿ ಇಂಥ ಕಡೆ ಲಿನನ್ ಸಿಗುವುದೇ ಅಪರೂಪ. ಆ ಕೊರತೆಯನ್ನು ತುಸು ತುಂಬಿದ್ದು 2008ರಲ್ಲಿ ಆಸ್ಟ್ರಿಯದ ಲೆಂಗ್‌ಬೆರ್ಗ್ ಕೋಟೆಯ ನೆಲದಡಿಯ ಒಣಕಸದಲ್ಲಿ ಸಿಕ್ಕ 2,700ಕ್ಕೂ ಹೆಚ್ಚು ಬಟ್ಟೆಚೂರುಗಳು. ಅವುಗಳಲ್ಲಿ 15ನೆಯ ಶತಮಾನದ ಹೆಂಗಸರು ತೊಟ್ಟ, ಇಂದಿನ ಬ್ರಾವನ್ನು ಹೋಲುವ ಲಿನನ್ ಒಳಉಡುಪುಗಳಿವೆ.

ಈ ಅವಶೇಷಗಳು ಒಂದು ಹಳೆಯ ತಪ್ಪು ತಿಳಿವಳಿಕೆಯನ್ನು ಅಳಿಸಿವೆ. ಮಧ್ಯಯುಗದ ಬಡವರು ಗೋಣಿಯಂಥ ಬಟ್ಟೆ ಸುತ್ತಿಕೊಂಡು ನಡುಗುತ್ತಿದ್ದರೆಂಬ ಕಲ್ಪನೆಗೆ ಗ್ರೀನ್‌ಲೆಂಡಿನ ರೈತರ ನಿಲುವಂಗಿಗಳಲ್ಲಿ ಆಧಾರವಿಲ್ಲ. ಅವುಗಳ ಹೊಲಿಗೆ ಸಣ್ಣದು, ಸಮನಾದದ್ದು, ಅಂಚುಗಳು ಬಿಗಿಯಾದವು, ತ್ರಿಕೋನದ ಸೇರುಬಟ್ಟೆಗಳು ಬೇಕಾದ ಕಡೆಯಲ್ಲೇ ಕೂತಿವೆ. ದೊರೆಯ ದರ್ಜಿ ಬಲ್ಲ ಪದರಗಳ ಲೆಕ್ಕ ಹಿಮದ ನಾಡಿನ ರೈತಹೆಂಗಸಿಗೂ ಗೊತ್ತಿತ್ತು, ಮತ್ತು ಅವಳು ಅದನ್ನು ತನ್ನ ಕುರಿಯ ಉಣ್ಣೆಯಿಂದ, ತನ್ನ ಕದಿರು ಮಗ್ಗಗಳಿಂದಲೇ ಸಾಧಿಸಿದಳು.